ಸಂಬಳದ ಜೊತೆ ಚಿಕ್ಕ ವ್ಯಾಪಾರವೂ ಇದೆ, ಐಟಿ ರಿಟರ್ನ್ಸ್‌ಗೆ ಯಾವ ಕಾಗದ ಬೇಕು?

ಮೊದಲು ಆದಾಯ ತೆರಿಗೆ ಪೋರ್ಟಲ್‌ನಿಂದ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿದ, ಕಡಿತವಾದ ತೆರಿಗೆಯ ಪಟ್ಟಿ), ಎಐಎಸ್ (ವರ್ಷದ ಆದಾಯ, ವಹಿವಾಟಿನ ಪಟ್ಟಿ) ಇಳಿಸಿಕೊಳ್ಳಿ. ನಿಮ್ಮ ಎಫ್‌ಡಿ ಬಡ್ಡಿ, ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ) ಎಲ್ಲ ಇಲಾಖೆಗೆ ಆಗಲೇ ಗೊತ್ತಿರುತ್ತದೆ, ಅಲ್ವಾ? ಆಫೀಸಿನವರು ಕೊಡುವ ಫಾರ್ಮ್ 16 (ಸಂಬಳ, ಅದರಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ) ಜೊತೆ ತಾಳೆ ನೋಡಿ. ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವುದಾದರೆ ಬಾಡಿಗೆ ರಸೀದಿ ಇಟ್ಟುಕೊಳ್ಳಿ, ವರ್ಷಕ್ಕೆ 1 ಲಕ್ಷ ದಾಟಿದರೆ ಓನರ್ ಪ್ಯಾನ್ ಕೂಡ ಬೇಕು (ಬೆಂಗಳೂರಲ್ಲಿ ದಾಟದ ಮನೆ ಎಲ್ಲಿದೆ ಹೇಳಿ!).

ವ್ಯಾಪಾರದ್ದೇ ತಲೆನೋವು. 44ಎಡಿ (ಚಿಕ್ಕ ವ್ಯಾಪಾರಕ್ಕೆ ಅಂದಾಜು ಲಾಭ ತೋರಿಸಲು ಬಿಡುವ ಸೆಕ್ಷನ್) ಅಡಿ ಯುಪಿಐ, ಬ್ಯಾಂಕ್ ಮೂಲಕ ಬಂದಿದ್ದಕ್ಕೆ 6%, ನಗದಿಗೆ 8% ಲಾಭ ಅಂತ ತೋರಿಸಬಹುದು, ಹಾಗಾಗಿ ಎರಡನ್ನೂ ಬೇರೆ ಬೇರೆ ಬರೆದಿಡಿ. ನನ್ನದು ಒಂದೇ ಖಾತೆ ಇತ್ತು, ತಂಗಿ ಕಳಿಸಿದ ದುಡ್ಡು, ಇಡ್ಲಿ ಹಿಟ್ಟು ಮಾರಿದ 60 ರೂಪಾಯಿ ಎಲ್ಲ ಕಲಸಿಹೋಗಿ, ಸ್ಟೇಟ್‌ಮೆಂಟ್ ಮೇಲೆ ಮೂರು ರಾತ್ರಿ ಪೆನ್ಸಿಲ್ ಗುರುತು ಹಾಕಿದೆ. ಜಿಎಸ್‌ಟಿ ನೋಂದಣಿ ಇದ್ದರೆ ಅಲ್ಲಿ ತೋರಿಸಿದ ಮೊತ್ತವೂ ಈ ವ್ಯಾಪಾರದ ಲೆಕ್ಕಕ್ಕೆ ಹೊಂದಬೇಕು.