ಓದುಗರ ಪ್ರಶ್ನೆ: ಹಳೆಯ ಪಿಕಪ್‌ನ ಎಂಜಿನ್ ಬಿಚ್ಚುವಾಗ

ಪ್ರಶ್ನೆ: ಶಹಾಬಾದಿನಿಂದ ಕಲಬುರಗಿ, ಸೇಡಂ, ಜೇವರ್ಗಿ ಕಡೆಗೆ ಪರಸಿ ಕಲ್ಲು ಸಾಗಿಸುವ ನನ್ನ ಪಿಕಪ್ ಹಳೆಯದು. ಅದರಲ್ಲಿರುವುದು 2523 ಸಿ.ಸಿ.ಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಈಗ 500 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ತಿನ್ನುತ್ತಿದೆ, ಆಯಿಲ್ ಮುಚ್ಚಳ ತೆಗೆದರೆ ಹೊಗೆ ಉಗುಳುತ್ತದೆ. ಎರಡು ವರ್ಷದ ಹಿಂದೆ ಲೈನರ್ (ಸಿಲಿಂಡರಿನೊಳಗಿನ ಕೊಳವೆ), ಪಿಸ್ಟನ್, ಅದರ ಸುತ್ತಲಿನ ರಿಂಗುಗಳ ಕಿಟ್ ಹಾಕಿಸಿದ್ದೆ. ಬ್ಯಾಕ್ ಕಂಪ್ರೆಷನ್ ಬಂದಿದೆ, ಅಂದರೆ ಉರಿದ ಹೊಗೆ ರಿಂಗು ದಾಟಿ ಕೆಳಗೆ ಸೋರುತ್ತಿದೆ, ಮತ್ತೊಂದು ಕಿಟ್ ತರಿಸಿರಿ ಎಂದು ಮಿಸ್ತ್ರಿಯವರು ಹೇಳುತ್ತಾರೆ. ಕಲ್ಲಿನ ಪುಡಿಯೇ ಇದಕ್ಕೆ ಕಾರಣವೆ? ಬಿಚ್ಚುವಾಗ ನಾನೂ ಜೊತೆಗೆ ಇರುತ್ತೇನೆ, ಏನನ್ನು ಗಮನಿಸಬೇಕು?
— ಒಬ್ಬ ಓದುಗರು, ಶಹಾಬಾದ್

ಉತ್ತರ: ಎರಡು ವರ್ಷದ ಹಿಂದೆ ಕಿಟ್ ಹಾಕಿಸಿದ ಸಂಗತಿಯನ್ನು ನೀವು ಪತ್ರದ ನಡುವೆ ಸುಮ್ಮನೆ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಮುಖ್ಯವಾಗಿ ಕಂಡದ್ದು ಅದೇ. ಸರಿಯಾಗಿ ಕೂಡಿಸಿದ ರಿಂಗು, ಲೈನರುಗಳು ಇಷ್ಟು ಬೇಗ ಸವೆದಿವೆ ಎಂದರೆ, ಅವನ್ನು ತೇಯುವ ಏನೋ ಒಂದು ಎಂಜಿನ್ನಿನೊಳಗೆ ಬರುತ್ತಲೇ ಇದೆ, ಇಲ್ಲವೆ ಕಳೆದ ಸಲದ ಕೆಲಸದಲ್ಲಿಯೇ ಒಳಗೆ ಉಳಿದುಹೋಗಿದೆ. ಅದು ಯಾವುದೆಂದು ತಿಳಿಯುವ ತನಕ ಹೊಸ ಕಿಟ್ಟಿಗೆ ಮುಂಗಡ ಕೊಡಬೇಡಿರಿ. ಬಿಚ್ಚಿದ ಭಾಗಗಳನ್ನು ಕೂಡಲೇ ಡೀಸೆಲ್ ಡಬ್ಬಿಯಲ್ಲಿ ಅದ್ದುವುದು ನಮ್ಮ ಕಡೆಯ ರೂಢಿಯಾಗಿದ್ದು, ನಿಮ್ಮ ಪ್ರಶ್ನೆಗೆ ಬೇಕಾದ ಅರ್ಧ ಉತ್ತರ ಆ ಡಬ್ಬಿಯಲ್ಲಿ ಕರಗಿ ಹೋಗುತ್ತದೆ. ಆದ್ದರಿಂದ ನೋಡಿ ಮುಗಿಯುವವರೆಗೆ ಏನನ್ನೂ ತೊಳೆಯಬಾರದೆಂದು ಮಿಸ್ತ್ರಿಯವರಿಗೆ ಮೊದಲೇ ವಿನಂತಿಸಿಕೊಳ್ಳಿರಿ.

ಕಲ್ಲಿನ ಪುಡಿಯ ಮೇಲಿನ ನಿಮ್ಮ ಸಂಶಯ ಪೂರ್ತಿ ಸರಿಯಲ್ಲ. ಶಹಾಬಾದಿ ಕಲ್ಲು ಸುಣ್ಣಕಲ್ಲಿನ ಜಾತಿಯದು; ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 3 ಮಾತ್ರ, ಅದು ಎರಕದ ಕಬ್ಬಿಣವನ್ನು ಅಷ್ಟು ಸುಲಭವಾಗಿ ಗೀರಲಾರದು. ಆದರೆ ದಾರಿಯ ಧೂಳಿನಲ್ಲಿ ಬೆರೆತಿರುವ ಮರಳಿನ ಸ್ಫಟಿಕದ (ಕ್ವಾರ್ಟ್ಸ್) ಗಡಸುತನ 7, ಲೈನರನ್ನು ತಿನ್ನುವುದು ಅದು. ಕಲ್ಲಿನ ಪುಡಿಯ ತಪ್ಪು ಬೇರೆ ಬಗೆಯದು: ಅದು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ಫಿಲ್ಟರ್ ಕಟ್ಟಿತೆಂದು ಚಾಲಕರು ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಊದಿಸುತ್ತಾರೆ, ಆ ಒತ್ತಡಕ್ಕೆ ಕಾಗದದ ಮಡಿಕೆ ಹರಿದು ಅಲ್ಲಿಂದ ಸ್ಫಟಿಕಕ್ಕೆ ದಾರಿಯಾಗುತ್ತದೆ. ಆದುದರಿಂದ ನಿಮ್ಮ ತಪಾಸಣೆ ಎಂಜಿನ್ನಿನಿಂದಲ್ಲ, ಫಿಲ್ಟರಿನಿಂದ ಆರಂಭವಾಗಲಿ. ಕತ್ತಲಲ್ಲಿ ಅದರೊಳಗೆ ಬಲ್ಬು ಇಟ್ಟು ನೋಡಿದರೆ ಸಣ್ಣ ತೂತೂ ಬೆಳಗುತ್ತದೆ. ಬಳಿಕ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಕಳಚಿ, ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿರಿ. ಫಿಲ್ಟರ್ ದಾಟಿದ ಮೇಲೆ ಅಲ್ಲಿ ಒಣ ಧೂಳು ಸಿಗಲೇಬಾರದು. ಸಿಕ್ಕರೆ ಹೋಸಿನ ಬಿರುಕು, ಸಡಿಲವಾದ ಕ್ಲಿಪ್ಪು ಅಥವಾ ಹರಿದ ಫಿಲ್ಟರ್, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ.

ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಿ, ಆಯಿಲ್ ಫಿಲ್ಟರನ್ನು ಕೊಯ್ದು, ಅದರ ಕಾಗದವನ್ನು ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವ ಪುಡಿಯು ರಿಂಗು, ಲೈನರು ಅಥವಾ ಹಲ್ಲುಗಾಲಿಗಳದು. ತಾಮ್ರದ ಬಣ್ಣದ ಮಿಣುಕು ಕಂಡರೆ ಶೆಲ್ ಬೇರಿಂಗುಗಳ (ತಿರುಗುವ ಕ್ರ್ಯಾಂಕ್ ದಂಡವನ್ನು ಹಿಡಿದಿರುವ ಅರ್ಧವೃತ್ತದ ಲೋಹದ ಪಟ್ಟಿಗಳ) ಮೇಲ್ಪದರ ಸವೆದು ಒಳಪದರ ತೆರೆದಿದೆಯೆಂದು ಅರ್ಥ.

ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಬೋಲ್ಟುಗಳನ್ನು ಮಾತ್ರ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅಂಚಿನವುಗಳಿಂದ ನಡುವಿನ ಕಡೆಗೆ, ಎರಡು ಮೂರು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಲ್ಲದಿದ್ದರೆ ಹೆಡ್ ಸೊಟ್ಟಗಾಗುವುದುಂಟು. ವಾಲ್ವುಗಳನ್ನು ತೆರೆಯುವ ಪುಶ್ ರಾಡುಗಳನ್ನು ರಟ್ಟಿನ ಡಬ್ಬಿಯಲ್ಲಿ ತೂತು ಮಾಡಿ ಸಾಲಾಗಿ ಚುಚ್ಚಿಟ್ಟರೆ ಅವುಗಳ ಸ್ಥಾನ ಅದಲು ಬದಲಾಗುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪ್ರತಿ ಕ್ಯಾಪನ್ನೂ ಅದರ ರಾಡಿನ ಜೊತೆಯಲ್ಲಿಯೇ ಕೂಡಿಸಿ ಕೊರೆದಿರುತ್ತಾರೆ, ಒಂದರದು ಇನ್ನೊಂದಕ್ಕೆ ಕೂಡುವುದಿಲ್ಲ. ಬಿಚ್ಚುವ ಮೊದಲು ರಾಡು, ಕ್ಯಾಪು ಎರಡರ ಒಂದೇ ಬದಿಗೆ ಪಂಚಿನಿಂದ ಚುಕ್ಕೆ ಹಾಕಿಸಿರಿ: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು.

ಈಗ ಲೈನರಿಗೆ ಬರೋಣ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಹೆಬ್ಬೆರಳಿನ ಉಗುರು ಆಡಿಸಿದರೆ ಒಂದು ಮೆಟ್ಟಿಲು ಸಿಗುತ್ತದೆ. ಪಿಸ್ಟನ್ ಅಲ್ಲಿ ಕ್ಷಣಹೊತ್ತು ನಿಲ್ಲುವುದರಿಂದ ಆಯಿಲಿನ ಪೊರೆ ತೆಳುವಾಗುತ್ತದೆ, ಉರಿಯ ಒತ್ತಡವೂ ಕಾವೂ ಅಲ್ಲಿಯೇ ಹೆಚ್ಚಾಗಿರುತ್ತದೆ, ಹೀಗಾಗಿ ಸವೆತವೂ ಅಲ್ಲಿಯೇ ಹೆಚ್ಚು. ಈ ಮೆಟ್ಟಿಲನ್ನು ಹೆರೆಯದೆ ಪಿಸ್ಟನ್ನನ್ನು ಮೇಲಕ್ಕೆ ಬಡಿದು ತೆಗೆದರೆ ರಿಂಗು ಮುರಿಯುತ್ತದೆ, ಆಮೇಲೆ ಅದು ಮೊದಲೇ ಮುರಿದಿತ್ತೋ ಈಗ ಮುರಿಯಿತೋ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಸವೆತವನ್ನು ಅಳೆಯಲು ಬೋರ್ ಗೇಜ್ ಇದ್ದರೆ ಉತ್ತಮ. ಇಲ್ಲದಿದ್ದರೆ ಒಂದು ರಿಂಗು ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಸಾಕು. ರಿಂಗನ್ನು ಲೈನರಿನ ತಳಭಾಗದಲ್ಲಿ, ರಿಂಗುಗಳು ಎಂದೂ ಮುಟ್ಟದ ಕಡೆ, ನೇರವಾಗಿ ಕೂಡಿಸಿ ಅದರ ಬಾಯಿಯ ಸಂದನ್ನು ಅಳೆಯಿರಿ. ಬಳಿಕ ಅದೇ ರಿಂಗನ್ನು ಮೆಟ್ಟಿಲಿನ ಕೆಳಗೆ ಕೂಡಿಸಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದ ಸವೆತ ಸಿಗುತ್ತದೆ. ವ್ಯತ್ಯಾಸ 0.6 ಮಿ.ಮೀ. ಇದ್ದರೆ ಲೈನರು ಸುಮಾರು 0.19 ಮಿ.ಮೀ. ಅಗಲವಾಗಿದೆ ಎಂದರ್ಥ. ನಾಲ್ಕೂ ಸಿಲಿಂಡರುಗಳ ಲೆಕ್ಕವನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ.

ನಿಮಗೆ ಬೇಕಾದ ತೀರ್ಪು ಇಲ್ಲಿಯೇ ಇದೆ. ಸವೆತವು ಲೈನರಿನ ಮೇಲ್ಭಾಗದಲ್ಲಿ ಮತ್ತು ಮೊದಲನೆಯ ರಿಂಗಿನಲ್ಲಿ ಹೆಚ್ಚಾಗಿದ್ದು, ಬೇರಿಂಗುಗಳು ಹೆಚ್ಚುಕಡಿಮೆ ಚೆನ್ನಾಗಿದ್ದರೆ ಧೂಳು ಗಾಳಿಯ ದಾರಿಯಿಂದ ಬಂದಿದೆ. ಆಯಿಲ್ ರಿಂಗು, ಲೈನರಿನ ಕೆಳಭಾಗ ಮತ್ತು ಶೆಲ್ ಬೇರಿಂಗು ಮೂರೂ ಗೀರಿಕೊಂಡಿದ್ದರೆ ಕೊಳೆ ಆಯಿಲಿನಲ್ಲಿಯೇ ಇತ್ತು. ಎರಡನೆಯದಾದರೆ ನನ್ನ ಸಂಶಯ ಕಳೆದ ಸಲದ ಹೋನಿಂಗಿನ (ಲೈನರಿನ ಒಳಗೋಡೆಯನ್ನು ಉಜ್ಜುವ ಕಲ್ಲಿನಿಂದ ನಯಗೊಳಿಸುವ ಕೆಲಸದ) ಮೇಲೆ ಹೋಗುತ್ತದೆ. ಹೋನಿಂಗ್ ಕಲ್ಲಿನ ಪುಡಿ ಲೈನರಿನ ಸೂಕ್ಷ್ಮ ಗೀರುಗಳಲ್ಲಿ ಕೂತಿರುತ್ತದೆ, ಅದು ಡೀಸೆಲ್ಲಿಗೂ ಸೀಮೆ ಎಣ್ಣೆಗೂ ಪೂರ್ತಿ ಬಿಡುವುದಿಲ್ಲ. ಬಿಸಿನೀರು, ಸಾಬೂನು, ಬ್ರಷ್ ಹಿಡಿದು, ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತಿಕ್ಕಿ, ಒಣಗಿಸಿ, ತಕ್ಷಣ ಆಯಿಲ್ ಸವರಬೇಕು. ಲೇತ್ ಅಂಗಡಿಯಿಂದ ಬಂದ ಬ್ಲಾಕಿಗೆ ಹೀಗೆ ಸಾಬೂನು ಹಾಕುವ ಮಿಸ್ತ್ರಿಯವರನ್ನು ನಾನು ಕಂಡದ್ದು ಬಹಳ ಕಡಿಮೆ.

ಶೆಲ್ ಬೇರಿಂಗುಗಳ ಬೆನ್ನನ್ನೂ ಮರೆಯದೆ ನೋಡಿರಿ. ಅಲ್ಲಿ ಎಸ್‌ಟಿಡಿ ಎಂದಿದ್ದರೆ ಕ್ರ್ಯಾಂಕ್ ಮೂಲ ಅಳತೆಯಲ್ಲಿದೆ. 010 ಅಥವಾ 0.25 ಎಂದಿದ್ದರೆ ಅದನ್ನು ಈಗಾಗಲೇ ಒಮ್ಮೆ ‘ಟೆನ್ ಸೈಜ್’ಗೆ, ಅಂದರೆ ಕಾಲು ಮಿಲಿಮೀಟರಿನಷ್ಟು, ಸಾಣೆ ಹಿಡಿಸಲಾಗಿದೆ. ಉರಿಯ ಹೊಡೆತ ರಾಡಿನಲ್ಲಿ ಮೇಲಿನ ಶೆಲ್ಲಿನ ಮೇಲೂ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿರುವ ಮೇನ್ ಬೇರಿಂಗಿನಲ್ಲಿ ಕೆಳಗಿನ ಶೆಲ್ಲಿನ ಮೇಲೂ ಬೀಳುವುದರಿಂದ ಅವು ಸ್ವಲ್ಪ ಹೆಚ್ಚು ಸವೆದಿರುವುದು ಸಹಜ. ಇದೆಲ್ಲ ಬರೆದುಕೊಂಡ ಮೇಲೆ, ಲೇತ್ ಅಂಗಡಿಯವರು ಮೈಕ್ರೋಮೀಟರಿನಿಂದ ಅಳೆದು ಹೇಳಿದ ಸೈಜಿನ ಸಾಮಾನನ್ನೇ ತರಿಸಿರಿ. ಸವೆತದ ಮಿತಿಯನ್ನು ನಿಮ್ಮ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಬೇರೆ ಗಾಡಿಯ ಅನುಭವದಿಂದಲ್ಲ.

ಪ್ರಶ್ನೆ: ಬಿಚ್ಚುವ ಮೊದಲು ಸಿಲಿಂಡರಿಗೆ ಸ್ವಲ್ಪ ಆಯಿಲ್ ಸುರಿದು ಕಂಪ್ರೆಷನ್ ನೋಡಿದರೆ ದೋಷ ರಿಂಗಿನದೋ ವಾಲ್ವಿನದೋ ತಿಳಿಯುತ್ತದಂತೆ, ನಿಜವೆ?
— ಹುಮನಾಬಾದ್

ಉತ್ತರ: ಆಯಿಲ್ ರಿಂಗಿನ ಸಂದನ್ನು ಮುಚ್ಚಿ ಗೇಜಿನ ಮುಳ್ಳು ಏರಿದರೆ ದೋಷ ರಿಂಗಿನದು ಎಂಬುದು ಇದರ ಲೆಕ್ಕ. ಪೆಟ್ರೋಲ್ ಎಂಜಿನ್ನಿಗೆ ಇದು ನಡೆಯುತ್ತದೆ, ಡೀಸೆಲ್ಲಿಗೆ ನಂಬಲಾಗದು. ಮೇಲೆ ಹೇಳಿದ 2523 ಸಿ.ಸಿ. ಎಂಜಿನ್ನನ್ನೇ ತೆಗೆದುಕೊಂಡರೆ ಒಂದು ಸಿಲಿಂಡರಿನ ಪಾಲು ಸುಮಾರು 630 ಸಿ.ಸಿ.; ಕಂಪ್ರೆಷನ್ ಅನುಪಾತ 18 ಎಂದುಕೊಂಡರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 37 ಸಿ.ಸಿ. ಮಾತ್ರ. ಅದರಲ್ಲಿ ಎರಡು ಚಮಚ ಆಯಿಲ್ ಕೂತರೆ ಜಾಗ ಇನ್ನೂ ಕಿರಿದಾಗಿ, ರಿಂಗು ಹೇಗಿದ್ದರೂ ಗೇಜಿನ ಮುಳ್ಳು ಏರಿಯೇ ಏರುತ್ತದೆ. ಆಯಿಲ್ ಹೆಚ್ಚಾದರೆ, ಅದು ಗಾಳಿಯಂತೆ ಕುಗ್ಗದ ಕಾರಣ, ರಾಡು ಬಾಗುವ ಅಪಾಯವೂ ಇದೆ.

ಪ್ರಶ್ನೆ: ಇಷ್ಟೆಲ್ಲ ಖರ್ಚಿನ ಬದಲು ಗುಜರಿಯಿಂದ ಒಂದು ಹಳೆಯ ಎಂಜಿನ್ ತಂದು ಕೂಡಿಸಬಹುದೆ?
— ಯಾದಗಿರಿ

ಉತ್ತರ: ಕೂಡಿಸಬಹುದು, ಆದರೆ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಅದನ್ನು ಬದಲಿಸಲು ಆರ್‌ಟಿಓ ಕಚೇರಿಯ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದುಪಡಿ ಮಾಡಿಸಬೇಕು. ಸರಕು ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕಾಗುವುದರಿಂದ ಸಂಖ್ಯೆ ಹೊಂದದ ಸಂಗತಿ ಅಲ್ಲಿ ಹೊರಬೀಳುತ್ತದೆ. ಮಾರಿದವರ ಬಿಲ್ಲು, ಹಳೆಯ ವಾಹನದ ದಾಖಲೆ ಎರಡೂ ಕೈಗೆ ಸಿಗದಿದ್ದರೆ ಆ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ತರಬೇಡಿರಿ. ದಾಖಲೆ ಸಿಕ್ಕರೂ ಹಣ ಕೊಡುವ ಮೊದಲು ಅದರ ಚೇಂಬರ್ (ತಳದ ಆಯಿಲ್ ತೊಟ್ಟಿ) ಬಿಚ್ಚಿಸಿ, ಒಂದು ರಾಡಿನ ಶೆಲ್ಲಾದರೂ ತೆಗೆಸಿ ನೋಡಿರಿ.