ಓದುಗರ ಪ್ರಶ್ನೆ: ಲಿಂಗನಮಕ್ಕಿ ಸಿಹಿ, ಸಾಂಭರ್ ಉಪ್ಪು

ಪ್ರಶ್ನೆ: ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದು ನೆಲ ಬಿರುಕು ಬಿಟ್ಟರೂ ಒಂದು ಚಿಟಿಕೆ ಉಪ್ಪು ಕಾಣುವುದಿಲ್ಲ. ರಾಜಸ್ಥಾನದ ಸಾಂಭರ್ ಸರೋವರಕ್ಕೆ ಬರುವುದೂ ಮಳೆನೀರೇ. ಅಲ್ಲಿ ಮಾತ್ರ ಯಾಕೆ ಉಪ್ಪು?
(ಓದುಗರೊಬ್ಬರು, ಸಾಗರ)

ಉತ್ತರ: ಶರಾವತಿಗೆ ಹೊನ್ನಾವರದಲ್ಲಿ ಕಡಲಿನ ಬಾಗಿಲು ತೆರೆದಿದೆ. ಸಾಂಭರ್‌ಗೆ ಹೊರಹೋಗುವ ದಾರಿಯೇ ಇಲ್ಲ. ಮಣ್ಣು, ಬಂಡೆ ತೊಳೆದು ಬರುವ ಎಲ್ಲ ಹೊಳೆನೀರಿನಲ್ಲೂ ನಾಲಿಗೆಗೆ ಗೊತ್ತಾಗದಷ್ಟು ಲವಣ ಇದ್ದೇ ಇರುತ್ತದೆ. ಮಲೆನಾಡಿನ ಮಣ್ಣನ್ನು ಮಳೆ ಯುಗಯುಗದಿಂದ ತೊಳೆದಿರುವುದರಿಂದ ನಮ್ಮಲ್ಲಿ ಅದು ಇನ್ನೂ ಕಡಿಮೆ. ಇಲ್ಲಿನ ಬಾವಿನೀರಿಗೆ ಸೋಪು ಬೇಗ ನೊರೆ ಬರುವುದು ಅದಕ್ಕೇ. ಆ ಚೂರುಪಾರು ಲವಣವೂ ಶರಾವತಿಯ ಜೊತೆ ಸಮುದ್ರ ಸೇರುತ್ತದೆ. ಸಾಂಭರ್‌ನಲ್ಲಿ ನೀರಷ್ಟೇ ಆವಿಯಾಗಿ ಹೋಗುತ್ತದೆ, ಲವಣ ತಳದಲ್ಲೇ ಉಳಿಯುತ್ತದೆ.

ಥಾರ್ ಮರುಭೂಮಿಯ ಅಂಚಿನಲ್ಲಿರುವ ಈ ಸರೋವರಕ್ಕೆ ಮಳೆಗಾಲದಲ್ಲಿ ಮೇಂಢಾ, ರೂಪನಗಢ ನದಿಗಳು ನೀರು ತರುತ್ತವೆ. ತುಂಬಿದಾಗ ಇನ್ನೂರು ಚದರ ಕಿಲೋಮೀಟರ್ ಆಸುಪಾಸು ಹರಡಿದರೂ ಆಳ ಹೆಚ್ಚೆಂದರೆ 3 ಮೀಟರ್. ಊಟದ ತಟ್ಟೆಗೆ ನೀರು ಹೊಯ್ದಂತೆ. ದಿನಕ್ಕೆ 6 ಮಿಲಿಮೀಟರ್ ಆರಿದರೂ 30 ಸೆಂಟಿಮೀಟರ್ ನೀರು ಖಾಲಿಯಾಗಲು 50 ದಿನ ಸಾಕು. ಕೊನೆಕೊನೆಗೆ ನೀರು ಗಟ್ಟಿಯಾದಂತೆ ಆರುವ ವೇಗ ತಗ್ಗುತ್ತದೆ ಎನ್ನುವುದನ್ನು ಮಾತ್ರ ಮರೆಯಬಾರದು.

ಲವಣಗಳೆಲ್ಲ ಒಟ್ಟಿಗೆ ಇಳಿಯುವುದಿಲ್ಲ. ಸಮುದ್ರದ ನೀರನ್ನೇ ಒಣಗಿಸಿದರೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್, ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು. ಕಟ್ಟಕಡೆಗೆ ಮೆಗ್ನೀಷಿಯಂ, ಪೊಟ್ಯಾಷಿಯಂಗಳ ಕಹಿ ಲವಣ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಗದ್ದೆಗಳಲ್ಲಿ ಆಗುವುದೂ ಇದೇ. ಕಹಿ ನೀರನ್ನು ಹೊರಬಿಡದೆ ಪೂರಾ ಒಣಗಿಸಿದರೆ ಉಪ್ಪು ಕಹಿಯಾಗುತ್ತದೆ. ಒಳನಾಡಿನ ಸರೋವರಗಳ ಪಟ್ಟಿ ಸ್ವಲ್ಪ ಬೇರೆ: ಸಾಂಭರ್‌ನ ನೀರು ಕ್ಷಾರ, ಅದರಲ್ಲಿ ಸೋಡಿಯಂ ಸಲ್ಫೇಟ್, ಕಾರ್ಬೊನೇಟ್ ಕೂಡ ಇವೆ.

ಪ್ರಶ್ನೆ: ಒಮ್ಮೆ ಒಣಗಿದ ಉಪ್ಪಿನ ಬಯಲು ಹಾಗೆಯೇ ಇರುತ್ತದೆಯೇ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಇಲ್ಲ. ಮುಂದಿನ ನೆರೆಗೆ ಹೊದಿಕೆ ಕರಗಿ ಮತ್ತೆ ನೀರಿಗೆ ಸೇರುತ್ತದೆ, ಮತ್ತೆ ಇಳಿಯುತ್ತದೆ. ನೆರೆ ತಂದ ಹೂಳು ನಡುವೆ ಒಂದು ಪದರ. ಆದ್ದರಿಂದ ತಳ ಕೊರೆದು ತೆಗೆದ ಮಣ್ಣಿನ ಕಂಬದಲ್ಲಿ ಬಿಳಿ ಗೆರೆ ಎಂದರೆ ಒಣ ಕಾಲ, ಕಪ್ಪು ಗೆರೆ ಎಂದರೆ ತುಂಬಿದ ಕಾಲ. ಆಸ್ಟ್ರೇಲಿಯಾದ ಐರ್ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಬಹುತೇಕ ವರ್ಷ ಬರಿ ಬಯಲು. 1964ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅದರ ಮೇಲೆ ಕಾರು ಓಡಿಸಿ ವೇಗದ ದಾಖಲೆ ಮಾಡಿದರು. ಹತ್ತೇ ವರ್ಷಕ್ಕೆ, 1974ರಲ್ಲಿ, ಅದೇ ಬಯಲಲ್ಲಿ ಸುಮಾರು 6 ಮೀಟರ್ ನೀರು!

ಹೊದಿಕೆ ಬೆಳೆಯಲು ಅಡಿಯಲ್ಲಿ ಅಂತರ್ಜಲ ಹತ್ತಿರ ಇರಬೇಕು. ಉಪ್ಪುನೀರು ಮಣ್ಣಿನ ಸಂದಿಯಲ್ಲಿ ಏರುತ್ತಾ, ಮೇಲೆ ಆರುತ್ತಾ ಇದ್ದರೆ ಗಟ್ಟಿ ಹೊದಿಕೆ. ಬೋರ್‌ವೆಲ್‌ಗಳು ನೀರು ಕೆಳಗಿಳಿಸಿದರೆ, ಮೇಲ್ಭಾಗದ ಹಳ್ಳಗಳಿಗೆ ಅಡ್ಡ ಕಟ್ಟಿದರೆ ಹೊದಿಕೆ ಪುಡಿಯಾಗಿ ಗಾಳಿಗೆ ಏಳುತ್ತದೆ. ಕ್ಯಾಲಿಫೋರ್ನಿಯಾದ ಓವೆನ್ಸ್ ಸರೋವರ ಹಾಗೇ ಹಾಳಾಯಿತು: 1913ರಿಂದ ನದಿಯನ್ನು ಲಾಸ್ ಏಂಜಲಿಸ್ ಕಡೆಗೆ ತಿರುಗಿಸಿದರು, ಉಳಿದದ್ದು ಧೂಳು.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದೇ? ಕಳೆದ ಜುಲೈನಲ್ಲಿ ಇಟ್ಟ ತಟ್ಟೆ ಒಣಗಲೇ ಇಲ್ಲ.
(ಶಿಕ್ಷಕಿಯೊಬ್ಬರು, ತೀರ್ಥಹಳ್ಳಿ)

ಉತ್ತರ: ಜುಲೈನಲ್ಲಿ ಒಣಗುವುದೂ ಇಲ್ಲ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ನಿಮ್ಮ ಮನೆಯ ಉಪ್ಪಿನ ಭರಣಿ ನೀರಾಡುವುದು ಇದರಿಂದಲೇ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮಾಡಿ.

1 ಲೀಟರ್ ಬಿಸಿನೀರಿಗೆ 300 ಗ್ರಾಂ ಕಲ್ಲುಪ್ಪು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಪುಡಿ ಉಪ್ಪು ಬೇಡ. ಅಂಟದಿರಲಿ ಎಂದು ಬೆರೆಸಿದ ವಸ್ತು ನೀರನ್ನು ಮಬ್ಬಾಗಿಸುತ್ತದೆ. ಅಗಲವಾದ ಪಿಂಗಾಣಿ ತಟ್ಟೆಗೆ ಒಂದು ಬೆರಳಿನ ದಪ್ಪ ಹೊಯ್ದು, ಗಾಳಿ ಬೀಸದ ಬಿಸಿಲಲ್ಲಿಡಿ. ಅಂಚಿಗೆ ಎಣ್ಣೆ ಸವರಿ, ಇಲ್ಲವಾದರೆ ಉಪ್ಪು ತಟ್ಟೆ ಹತ್ತಿ ಹೊರಗೆ ಇಳಿಯುತ್ತದೆ. ನೀರಿನ ಮೇಲೆ ನಡುವೆ ತಗ್ಗಿದ ಚೌಕದ ಪುಟ್ಟ ಹರಳುಗಳು ತೇಲುತ್ತವೆ, ಭೂತಗನ್ನಡಿಯಲ್ಲಿ ನೋಡಲು ಬಲು ಚೆಂದ. ತಟ್ಟೆ ಅಲುಗಿದರೆ ಮುಳುಗಿಬಿಡುತ್ತವೆ.

ಇನ್ನೊಂದು ಪ್ಲಾಸ್ಟಿಕ್ ಬೇಸಿನ್‌ಗೆ ಜರಡಿ ಹಿಡಿದ ಕೆರೆ ಹೂಳು 3 ಸೆಂಟಿಮೀಟರ್ ಹರಡಿ, ಮೂಲೆಯಲ್ಲಿ ನೆಟ್ಟ ಒಂದು ಕೊಳವೆಯಿಂದ ದಿನಾ ಉಪ್ಪುನೀರು ಕೊಡಿ. ನೀರು ಮೇಲೆ ನಿಲ್ಲಬಾರದು, ಮಣ್ಣು ತೇವವಾಗಿದ್ದರೆ ಸಾಕು. ವಾರದೊಳಗೆ ಬಿಳಿ ಹೊದಿಕೆ ಮೂಡುತ್ತದೆ. ಜಂಬಿಟ್ಟಿಗೆ ಮಣ್ಣು ಹರಳುಹರಳಾಗಿರುವುದರಿಂದ ಅದರಲ್ಲಿ ನೀರು ಚೆನ್ನಾಗಿ ಏರುವುದಿಲ್ಲ. ಚಿತ್ರಗಳಲ್ಲಿ ಕಾಣುವ, ಒಂದೆರಡು ಮೀಟರ್ ಅಗಲದ ಬಹುಭುಜ ಏಣುಗಳು ಬೇಸಿನ್‌ನಲ್ಲಿ ಬರುವುದಿಲ್ಲ. ಮಣ್ಣಿನೊಳಗೆ ಭಾರವಾದ ಉಪ್ಪುನೀರು ಇಳಿದು ಹಗುರವಾದದ್ದು ಏಳುವ ಸುತ್ತಾಟದಿಂದ ಅವು ಮೂಡುತ್ತವೆ, ಅದಕ್ಕೆ ಆಳ ಬೇಕು.

ಪ್ರಶ್ನೆ: ಉಪ್ಪುನೀರು ಗುಲಾಬಿ ಬಣ್ಣಕ್ಕೆ ತಿರುಗುವುದು ಕೊಳಕಿನಿಂದಲೇ?
(ಓದುಗರೊಬ್ಬರು, ಹೊಸನಗರ)

ಉತ್ತರ: ಅಲ್ಲ. ಡ್ಯುನಾಲಿಯೆಲ್ಲಾ ಎಂಬ ಪಾಚಿ ಮತ್ತು ಉಪ್ಪುಪ್ರಿಯ ಸೂಕ್ಷ್ಮಜೀವಿಗಳ ಬಣ್ಣ ಅದು. ಕ್ಯಾರೆಟ್‌ನ ಬಣ್ಣದ ಬಳಗವೇ. ರಾಜಹಂಸಗಳ ಗರಿಗೆ ಹತ್ತುವುದೂ ಅದೇ.