ನೀವು ಕೇಳಿದ್ದು: ಸ್ಯಾಸ್‌ನಲ್ಲಿ ‘ಡಿಗ್ರಿ’ಗೆ ನಂಬರ್ ಕೊಡೋದು ಹೇಗೆ?

ಪ್ರಶ್ನೆ: ಸರ್, ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಕೊನೇ ಸೆಮ್‌ನಲ್ಲಿದೀನಿ. ಪ್ರಾಜೆಕ್ಟ್‌ಗೆ ಮನೆಮನೆ ಸರ್ವೆ ಡೇಟಾನ ಎಕ್ಸೆಲ್‌ನಿಂದ ಸ್ಯಾಸ್ (SAS) ಅನ್ನೋ ಅಂಕಿಅಂಶ ಸಾಫ್ಟ್‌ವೇರ್‌ಗೆ ತಗೊಂಡಿದೀನಿ, ಓದಿನ ಕಾಲಮ್ಮಲ್ಲಿ ಇಂಗ್ಲಿಷಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂತಿದೆ. ಇಫ್-ಎಲ್ಸ್ ಬರೆದು ಅದೇ ಕಾಲಮ್ಮಿಗೆ 1, 2, 3 ಹಾಕಿದ್ರೂ ಸರಾಸರಿ ಲೆಕ್ಕ ಹಾಕೋ ಪ್ರಾಕ್ ಮೀನ್ಸ್ ಒಪ್ತಿಲ್ಲ. ಟೇಬಲ್ಲಲ್ಲೂ ಡಿಗ್ರಿ ಮೇಲೆ, ಎಸ್ಸೆಸ್ಸೆಲ್ಸಿ ಕೆಳಗೆ ಬರ್ತಿದೆ. – ಓದುಗರೊಬ್ಬರು, ದಾವಣಗೆರೆ

ಉತ್ತರ: ಟೇಬಲ್ ತಲೆಕೆಳಗಾಗಿದ್ದಕ್ಕೆ ಸ್ಯಾಸ್‌ನ ಬೈಬೇಡಿ, ಅದು ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಡಿ, ಪಿ, ಎಸ್ ಅಂತ ಜೋಡಿಸಿದೆ, ನಿಮ್ಮ ಕೇಸಲ್ಲಿ ಅದು ಪಕ್ಕಾ ಉಲ್ಟಾ ಬಂತು ಅಷ್ಟೆ. ಇನ್ನು ಕ್ಯಾರೆಕ್ಟರ್ (ಅಂದ್ರೆ ನಂಬರಲ್ಲ, ಬರೀ ಅಕ್ಷರ) ಅಂತ ಹುಟ್ಟಿದ ವೇರಿಯಬಲ್ ಸ್ಯಾಸ್‌ನಲ್ಲಿ ಕೊನೇವರೆಗೂ ಕ್ಯಾರೆಕ್ಟರೇ. ನೀವು ಅದಕ್ಕೆ 3 ಹಾಕಿದ್ರೆ ಅದು ‘3’ ಅನ್ನೋ ಅಕ್ಷರವಾಗಿ ಕೂರತ್ತೆ, ಲಾಗ್‌ನಲ್ಲಿ ನಂಬರನ್ನ ಕ್ಯಾರೆಕ್ಟರ್ ಮಾಡಿದೀನಿ ಅಂತ ನೋಟ್ ಬಂದಿರತ್ತೆ, ನೋಡಿರಲ್ಲ ನೀವು. ಹೊಸ ವೇರಿಯಬಲ್ಲೇ ಮಾಡ್ಬೇಕು, ಹಳೇ ಹೆಸರೇ ಬೇಕಂದ್ರೆ ಆಮೇಲೆ ಡ್ರಾಪ್, ರೀನೇಮ್ ಮಾಡ್ಕೊಳ್ಳಿ.

ಮೂರೇ ಬಗೆ ಇದ್ರೆ ಇಫ್-ಎಲ್ಸ್ ಸಾಕು. ಆದ್ರೆ ಸರ್ವೆ ಡೇಟಾ ಅಂದ್ರೆ ಒಂದೇ ಡಿಗ್ರಿನ ಹತ್ತು ಥರ ಟೈಪ್ ಮಾಡಿರ್ತಾರೆ, ಅದಕ್ಕೆ ಪ್ರಾಕ್ ಫಾರ್ಮ್ಯಾಟ್‌ನಲ್ಲಿ ಇನ್‌ವ್ಯಾಲ್ಯೂ (ಯಾವ ಪದಕ್ಕೆ ಯಾವ ನಂಬರ್ ಅನ್ನೋ ಲಿಸ್ಟ್, ಇದರಿಂದ ಆಗೋದಕ್ಕೆ ಇನ್‌ಫಾರ್ಮ್ಯಾಟ್ ಅಂತಾರೆ) ಬರೆದು, ಡೇಟಾ ಸ್ಟೆಪ್‌ನಲ್ಲಿ ಇನ್‌ಪುಟ್ ಫಂಕ್ಷನ್‌ನಿಂದ ಕರೆಯೋದೇ ನೆಮ್ಮದಿ. ಅದರ ಬದಲು ವ್ಯಾಲ್ಯೂ ಬರೆದು ಪುಟ್ ಫಂಕ್ಷನ್ ಹಾಕಿದ್ರೆ ಮತ್ತೆ ಕ್ಯಾರೆಕ್ಟರೇ ಬರೋದು, ಹೊಸಬರೆಲ್ಲ ಇಲ್ಲೇ ಎಡವೋದು. ಇನ್‌ವ್ಯಾಲ್ಯೂ ಹೆಸರಿನ ಪಕ್ಕ ಬ್ರ್ಯಾಕೆಟ್‌ನಲ್ಲಿ ಅಪ್‌ಕೇಸ್, ಜಸ್ಟ್ ಅಂತ ಎರಡು ಆಪ್ಷನ್ ಕೊಡಿ. ಮೊದಲನೇದು ಎಲ್ಲಾನೂ ದೊಡ್ಡಕ್ಷರ ಮಾಡಿ ಹೋಲಿಸತ್ತೆ (ಹಾಗಾಗಿ ಲಿಸ್ಟಲ್ಲಿ ನೀವೂ ದೊಡ್ಡಕ್ಷರದಲ್ಲೇ ಬರೀಬೇಕು), ಎರಡನೇದು ಪದದ ಶುರುವಲ್ಲಿರೋ ಖಾಲಿ ಜಾಗ ತಳ್ಳಿಹಾಕತ್ತೆ.

ನಾನೇ ಬಿದ್ದ ಹಳ್ಳ ಒಂದಿದೆ. ಇನ್‌ಪುಟ್ ಒಳಗೆ ಅಗಲ (ಎಷ್ಟು ಅಕ್ಷರ ಓದಬೇಕು ಅನ್ನೋದು) ಕೊಡದೇ ಬರೀ ಹೆಸರು, ಚುಕ್ಕೆ ಹಾಕಿದ್ದೆ. ಆಗ ಸ್ಯಾಸ್ ಲಿಸ್ಟಲ್ಲಿರೋ ಅತಿ ಉದ್ದದ ಪದದಷ್ಟೇ ಅಕ್ಷರ ಓದತ್ತೆ, ನನ್ನ ಲಿಸ್ಟಲ್ಲಿ ಇಂಗ್ಲಿಷ್ ‘ಡಿಗ್ರಿ’ಯೇ ಉದ್ದ, 6 ಅಕ್ಷರ. ‘ಡಿಗ್ರಿ ಡಿಸ್‌ಕಂಟಿನ್ಯೂಡ್’ ಅಂತಿದ್ದೋರೆಲ್ಲ ಸದ್ದಿಲ್ಲದೆ ಡಿಗ್ರಿ ಪಾಸ್! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಅವತ್ತಿಂದ ಹೆಸರು, 40, ಚುಕ್ಕೆ ಅಂತ ಅಗಲ ಕೊಟ್ಟೇ ಬರೀತೀನಿ. ಇನ್‌ಫಾರ್ಮ್ಯಾಟ್ ಹೆಸರು ಅಂಕಿಯಲ್ಲಿ ಮುಗೀಬಾರದು ಅನ್ನೋ ರೂಲ್ ಯಾಕಿದೆ ಅಂತಾನೂ ಅವತ್ತೇ ತಲೆಗೆ ಹೋಗಿದ್ದು, ಅಲ್ಲಿ ಬರೋ ಅಂಕಿ ಅಗಲದ್ದು.

ಲಿಸ್ಟಲ್ಲಿ ಇಲ್ಲದ್ದಕ್ಕೆಲ್ಲ ಬರೆಯೋ ಅದರ್ ಅನ್ನೋದಕ್ಕೆ ಬರೀ ಚುಕ್ಕೆ (ಸ್ಯಾಸ್‌ನಲ್ಲಿ ಮಿಸ್ಸಿಂಗ್, ಅಂದ್ರೆ ಉತ್ತರ ಇಲ್ಲ) ಕೊಡಬೇಡಿ, ತಪ್ಪು ಟೈಪ್ ಆಗಿದ್ದೂ ಉತ್ತರ ಕೊಡದೇ ಇದ್ದೋರೂ ಒಂದೇ ಮಿಸ್ಸಿಂಗ್ ಆಗ್ತಾರೆ. ಖಾಲಿಗೆ ಚುಕ್ಕೆ, ಅದರ್‌ಗೆ 99 ಇರ್ಲಿ. ಆಮೇಲೆ ಎಣಿಕೆ ಟೇಬಲ್ ಕೊಡೋ ಪ್ರಾಕ್ ಫ್ರೀಕ್‌ನಲ್ಲಿ ಹಳೇ ಇಂಟು ಹೊಸ ವೇರಿಯಬಲ್ ಹಾಕಿ ಲಿಸ್ಟ್, ಮಿಸ್ಸಿಂಗ್ ಆಪ್ಷನ್ ಕೊಟ್ಟು ಸಾಲುಸಾಲಾಗಿ ನೋಡಿ. ನೋಡೋಕೆ ಸರಿಯಾಗಿರೋ ‘ಪಿಯುಸಿ’ ಕೂಡ 99ಕ್ಕೆ ಹೋಗಿದ್ರೆ ಪ್ರತಿ ಅಕ್ಷರದ ಒಳಗಿನ ಕೋಡ್ ತೋರಿಸೋ ಡಾಲರ್ ಹೆಕ್ಸ್ ಫಾರ್ಮ್ಯಾಟಲ್ಲಿ ಪ್ರಿಂಟ್ ಮಾಡಿ, ಎಕ್ಸೆಲ್‌ನಿಂದ ಬಂದ ಎ0 ಅನ್ನೋ ಕಳ್ಳ ಸ್ಪೇಸ್ ಕೂತಿರಬಹುದು, ಅದು ಖಾಲಿ ಜಾಗ ತೆಗೆಯೋ ಸ್ಟ್ರಿಪ್ ಫಂಕ್ಷನ್‌ಗೂ ಹೋಗಲ್ಲ, ಜಸ್ಟ್‌ಗೂ ಜಗ್ಗಲ್ಲ. ವಿಶ್ಲೇಷಣೆ ಶುರು ಮಾಡೋಕೆ ಮುಂಚೆ 99ನೂ ತೆಗೀರಿ, ಇಲ್ಲಾಂದ್ರೆ ಸರಾಸರಿ ಆಕಾಶಕ್ಕೆ ಹೋಗತ್ತೆ. ಮಿಸ್ಸಿಂಗನ್ನ ಸ್ಯಾಸ್ ಎಲ್ಲಾ ನಂಬರಿಗಿಂತ ಚಿಕ್ಕದು ಅಂತ ಲೆಕ್ಕ ಹಾಕೋದ್ರಿಂದ ‘3ಕ್ಕಿಂತ ಕಡಿಮೆ’ ಅಂತ ಇಫ್ ಬರೆದ್ರೆ ಅವರೂ ಒಳಗೆ ನುಗ್ತಾರೆ, ಹುಷಾರು.

ಪ್ರಶ್ನೆ: ಜಿಲ್ಲೆಗಳಿಗೆ 1ರಿಂದ 31 ಅಂತ ಕೋಡ್ ಕೊಟ್ಟು ಲಾಜಿಸ್ಟಿಕ್ ಮಾಡೆಲ್‌ಗೆ (ಹೌದು-ಇಲ್ಲ ಥರದ ಉತ್ತರ ಅಂದಾಜು ಮಾಡೋದು) ಹಾಕಬಹುದಾ? – ಇನ್ನೊಬ್ಬ ಓದುಗರು, ಹಾಸನ

ಉತ್ತರ: ಕೋಡ್ ಕೊಡೋದೇ ಬೇಡ. ಸುಮ್ನೆ ನಂಬರ್ ಅಂತ ಹಾಕಿದ್ರೆ 31ನೇ ಜಿಲ್ಲೆ ಮೊದಲನೇದಕ್ಕಿಂತ 30 ಮೆಟ್ಟಿಲು ಮೇಲಿದೆ ಅಂತ ಮಾಡೆಲ್ ನಂಬತ್ತೆ. ಜಿಲ್ಲೆ ಹೆಸರನ್ನ ಇದ್ದ ಹಾಗೇ ಕ್ಲಾಸ್ ಸ್ಟೇಟ್‌ಮೆಂಟಲ್ಲಿ (ಇದು ನಂಬರಲ್ಲ, ಗುಂಪಿನ ಹೆಸರು ಅಂತ ಸ್ಯಾಸ್‌ಗೆ ಹೇಳೋ ಸಾಲು) ಹಾಕಿ, ಪ್ಯಾರಮ್ ಈಕ್ವಲ್ ರೆಫ್ ಕೊಡಿ, ಯಾವ ಜಿಲ್ಲೆಗೆ ಹೋಲಿಸಬೇಕು ಅಂತ ನೀವೇ ಹೇಳಿ. ಹೇಳದೇ ಬಿಟ್ರೆ ಅಕ್ಷರಮಾಲೆಯಲ್ಲಿ ಕೊನೆಗೆ ಬರೋ ಜಿಲ್ಲೆನೇ ರೆಫರೆನ್ಸ್ ಆಗತ್ತೆ.